ಸೂರಿಗೆ ಸಿಕ್ಕಿಸಿದ ಲೋಟ

ಬರೆಯದೆ ಬಹಳ ದಿನವಾಯಿತು. ಕೆಲಸ ಜಾಸ್ತಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಕಾರಣ ಅದಲ್ಲ. ಒಂದು ವಿಷಯ ಬರೆಯೋಣ ಅಂತ ಕೂತಾಗಲೆಲ್ಲ ನಾಲ್ಕು ಸಾಲು ಬರೆದು ಅಳಿಸಿಬಿಡುತ್ತಿದ್ದೆ. ಬೇರೆಯವರ ತಪ್ಪಿನ ಬಗ್ಗೆ ಬರೆಯೋದು ಎಷ್ಟು ಸುಲಭ ಅಂತ ಈಗ ಗೊತ್ತಾಗ್ತಿದೆ :) ಇರಲಿ, ವಿಷಯಕ್ಕೆ ಬರ್ತೀನಿ.

ನಮ್ಮ ಮನೆಯ ಮಹಡಿ ಖಾಲಿಯಾಯಿತು. ಸಾಲ ಮಾಡಿ ಕಟ್ಟಿಸಿದ ಮನೆ, ಮೇಲಿನ ಬಾಡಿಗೆ ಬಂದರೆ ಬ್ಯಾಂಕಿನ ಕಂತಿಗೆ ಸರಿಹೋಗುತ್ತೆ. ಗೇಟಿಗೆ ‘ಟು ಲೆಟ್’ ಬೋರ್ಡು ಕಟ್ಟಿದೆ. ಒಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಬಂದರು. ಇಬ್ಬರೂ ಕೆಲಸದಲ್ಲಿರುವವರು, ಒಂದು ಪುಟ್ಟ ಮಗು. ಮನೆ ನೋಡಿದರು, ಇಷ್ಟವಾಯಿತು. ಬಾಡಿಗೆಯಲ್ಲಿ ಚೌಕಾಸಿ ಕೂಡ ಮಾಡಲಿಲ್ಲ. ಆತ ನೀರಿನ ಬಗ್ಗೆ ಕೇಳಿದ ಪ್ರಶ್ನೆಗಳಿಂದಲೇ ಜವಾಬ್ದಾರಿಯ ಮನುಷ್ಯ ಅಂತ ಗೊತ್ತಾಗುತ್ತಿತ್ತು. ನನಗೆ ಮನಸ್ಸಿನಲ್ಲೇ ಒಪ್ಪಿಗೆಯಾಗಿತ್ತು.

ಕೆಳಗೆ ಇಳಿದು ಬಂದಾಗ ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

“ಯಾವ ಕಡೆಯೋರಪ್ಪಾ ನೀವು?”

“ಚಾಮರಾಜನಗರದ ಕಡೆ ಅಮ್ಮಾ.”

“ಅದಲ್ಲ ಮಗಾ... ಯಾವ ಪೈಕಿ ಅಂತ.”

ನಾನು ಮಧ್ಯೆ ಬಾಯಿ ಹಾಕಬಹುದಿತ್ತು. ಹಾಕಲಿಲ್ಲ. ಆತ ಅಮ್ಮನ ಮುಖವನ್ನೇ ನೋಡಿಕೊಂಡು, ದನಿ ಏರಿಸದೆ ಇಳಿಸದೆ, “ನಾವು ಎಸ್ಸಿ ಅಮ್ಮಾ” ಅಂದ. ಅಮ್ಮ ಏನೂ ಹೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಮಾತಾಡಿದ್ದು ನಾನೇ. “ಇನ್ನೊಬ್ಬರು ಆಗಲೇ ಅಡ್ವಾನ್ಸ್ ಕೊಡ್ತೀನಿ ಅಂದಿದ್ದಾರೆ, ಅವರದ್ದೇನಾಯ್ತು ನೋಡಿ ಫೋನ್ ಮಾಡ್ತೀನಿ” ಅಂದೆ. ಆ ‘ಇನ್ನೊಬ್ಬರು’ ಅನ್ನೋರು ಯಾರೂ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೆ? ಆತ ನಂಬರ್ ಕೊಟ್ಟು ಹೋದ. ಗೇಟು ದಾಟುವಾಗ ಒಂದು ಸಲ ಬೋರ್ಡಿನ ಕಡೆ ನೋಡಿದ. ಅಷ್ಟೇ.

ನಾನು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ, ಜಾತಿ ಹೆಸರು ಎತ್ತಲಿಲ್ಲ. ಕುಡಿಯೋಕೆ ನೀರು ಕೊಟ್ಟಿದ್ದೆ, ಸ್ಟೀಲ್ ಲೋಟದಲ್ಲೇ. ನಗುನಗುತ್ತಾ ಬೀಳ್ಕೊಟ್ಟಿದ್ದೆ. ಆದರೂ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ದಬ್ಬಾಳಿಕೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಯಾರು? ಗಿರಿಜಾ ಮೀಸೆ, ಕೈಯಲ್ಲಿ ಚಾಟಿ, ಹಿಂದೆ ನಾಲ್ಕು ಜನ ಬಂಟರು. ನಮ್ಮ ಹಳೇ ಸಿನಿಮಾಗಳು ಮಾಡಿರುವ ಉಪಕಾರ ಇದು. ಆ ಸಾಹುಕಾರ ಕೊನೇ ರೀಲಿನಲ್ಲಿ ಸತ್ತರೆ ಅಥವಾ ಬುದ್ಧಿ ಕಲಿತರೆ ಊರು ಸರಿಹೋಗುತ್ತೆ. ನಾವೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಬರ್ತೀವಿ, ಯಾಕಂದ್ರೆ ನಮಗೆ ಮೀಸೆಯೂ ಇಲ್ಲ ಚಾಟಿಯೂ ಇಲ್ಲ. ನಾನೂ ಅವರಲ್ಲೊಬ್ಬ. ‘ಈಗೆಲ್ಲಿದೆ ಸಾರ್ ಜಾತಿ’ ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೂ ಅಂದರೆ ಜಗಳಕ್ಕೆ ಹೋಗ್ತಿದ್ದವನು. ಈಗ ನೋಡಿದರೆ ನನ್ನ ಮನೆ ಗೇಟಿನಲ್ಲೇ ಇದೆ!

ಇದರಲ್ಲಿ ತಮಾಷೆಯ ಸಂಗತಿ ಒಂದಿದೆ. ೨೦೦೪ರಲ್ಲಿ ನಾನು ಬೆಂಗಳೂರಿಗೆ ಬಂದಾಗ ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮೂರು ವಾರ ಮನೆ ಹುಡುಕಿದ್ದೆ. “ವೆಜ್ಜಾ ನಾನ್‌ವೆಜ್ಜಾ?” ಅಂತ ಮೊದಲ ಪ್ರಶ್ನೆ. ನಾವು ಹಾಸನದ ಕಡೆ ಒಕ್ಕಲುತನದವರು, ಭಾನುವಾರ ಬಾಡು ಬೇಯದಿದ್ದರೆ ಅದು ಭಾನುವಾರವೇ ಅಲ್ಲ. ನಿಜ ಹೇಳಿದ ಕಡೆಯೆಲ್ಲ ಬಾಗಿಲು ಮುಚ್ಚಿತು. ಒಬ್ಬ ಹಿರಿಯರಂತೂ ಬಹಳ ಸೌಜನ್ಯದಿಂದ, “ತಪ್ಪು ತಿಳ್ಕೋಬೇಡಿ, ನಮ್ಮ ಮನೆಯವರಿಗೆ ವಾಸನೆ ಆಗಲ್ಲ” ಅಂದಿದ್ದರು. ಕಾಫಿ ಕೊಟ್ಟು ಕಳಿಸಿದ್ದರು ಪಾಪ. ಆ ರಾತ್ರಿ ರೂಮ್‌ಮೇಟಿನ ಮುಂದೆ ಎಷ್ಟು ಕೂಗಾಡಿದ್ದೆ! ವಾಸನೆ ಅಂತೆ, ಅದು ವಾಸನೆಯ ಪ್ರಶ್ನೆಯೇ ಅಲ್ಲ, ಜಾತಿ ಕೇಳೋಕೆ ನಾಚಿಕೆಯಾಗಿ ಊಟ ಕೇಳ್ತಾರೆ ಅಂತ. ಈಗಲೂ ಆ ಮಾತು ನಿಜ ಅಂತಲೇ ನನ್ನ ಅಭಿಪ್ರಾಯ. ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನುವ ಬೋರ್ಡು ಅಡುಗೆಮನೆಯ ವಿಷಯ ಹೇಳುತ್ತಿಲ್ಲ, ಯಾರು ಮೆಟ್ಟಿಲು ಹತ್ತಬಹುದು ಅಂತ ಹೇಳುತ್ತಿದೆ. ಅಷ್ಟೆಲ್ಲ ತಿಳಿದವನು ಅದೇ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ನಿಂತಾಗ ಮಾಡಿದ್ದೇನು ಅಂತ ಮೇಲೆ ಓದಿದಿರಲ್ಲ.

ಅಂಬೇಡ್ಕರ್ ಜಾತಿಯನ್ನು ಬರೀ ಅಸಮಾನತೆ ಅನ್ನಲಿಲ್ಲ, ಶ್ರೇಣೀಕೃತ ಅಸಮಾನತೆ ಅಂದರು. ಕಾಲೇಜಿನಲ್ಲಿ ಓದಿದಾಗ ಅದು ಪರೀಕ್ಷೆಗೆ ಬರುವ ಎರಡು ಮಾರ್ಕಿನ ಪದ ಆಗಿತ್ತು. ಏಣಿಯಲ್ಲಿ ಮೇಲಿನವನು ತಲೆ ಮೇಲೆ ಕಾಲಿಟ್ಟಾಗ ಸಿಟ್ಟು ಬರುತ್ತೆ, ಆದರೆ ನಮ್ಮ ಕಾಲು ಎಲ್ಲಿದೆ ಅಂತ ಬಗ್ಗಿ ನೋಡುವುದಿಲ್ಲ. ಬಗ್ಗಿದರೆ ಬೀಳ್ತೀವಿ ಅನ್ನೋ ಭಯ.

ಊರಿನ ನೆನಪು ಒಂದು ಹೇಳಲೇಬೇಕು.

ನಮ್ಮ ಹಳ್ಳಿಮನೆಯ ಕೊಟ್ಟಿಗೆಯ ಸೂರಿಗೆ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಅದಕ್ಕೂ ಹಿಂದೆ ಅಜ್ಜನ ಕಾಲದಲ್ಲಿ ತೆಂಗಿನ ಚಿಪ್ಪು ಇತ್ತಂತೆ. ಕೇರಿಯಿಂದ ಗೆಯ್ಯಲು ಬರುತ್ತಿದ್ದವರು ತಾವೇ ಆ ಲೋಟ ತೆಗೆದು, ತಾವೇ ತೊಳೆದು, ಕುಕ್ಕರಗಾಲಲ್ಲಿ ಕೂತು ಹಿಡಿಯಬೇಕು. ಅವ್ವ ಮೇಲಿಂದ ಕಾಫಿ ಹುಯ್ಯೋರು, ಪಾತ್ರೆ ಲೋಟಕ್ಕೆ ತಾಗದ ಹಾಗೆ. (ಊರಲ್ಲಿದ್ದಾಗ ಅವ್ವ, ಬೆಂಗಳೂರಿಗೆ ಬಂದ ಮೇಲೆ ಅಮ್ಮ. ಇದೂ ಒಂದು ಕಥೆಯೇ, ಇನ್ನೊಂದು ದಿನಕ್ಕಿರಲಿ.) ಎಷ್ಟು ಎತ್ತರದಿಂದ ಹುಯ್ದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಹುಡುಗನಾಗಿದ್ದಾಗ ನನಗೆ ಅದೊಂದು ಚಮತ್ಕಾರದ ಹಾಗೆ ಕಾಣುತ್ತಿತ್ತು. ಯಾರೂ ಯಾರನ್ನೂ ಗದರುತ್ತಿರಲಿಲ್ಲ. ಎಲ್ಲರಿಗೂ ಅವರವರ ಜಾಗ ಗೊತ್ತಿತ್ತು. ‘ನಮ್ಮೂರಲ್ಲಿ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದೆವು’ ಅಂತ ನಾವು ಹೇಳ್ತೀವಲ್ಲ, ಆ ಹಾಗೆ ಇದ್ದದ್ದು ಈ ಹಾಗೆ.

ಅದಕ್ಕಿಂತ ನನ್ನನ್ನು ಈಗ ಕಾಡುವುದು ಮಾತು. ನಮ್ಮ ಮನೆಗೆ ಗೆಯ್ಯಲು ಬರುತ್ತಿದ್ದ ಒಬ್ಬರಿಗೆ ಆಗಲೇ ಅರವತ್ತು ದಾಟಿತ್ತು. ನನಗೆ ಎಂಟು ವರ್ಷ. ಅವರು ನನಗೆ “ಬನ್ನಿ ಬುದ್ದಿ, ಕೆಸರೈತೆ, ಮೆಲ್ಲಗೆ ಬನ್ನಿ” ಅನ್ನೋರು. ನಾನು ಅವರಿಗೆ “ಏ, ಬಾರೋ ಇಲ್ಲಿ” ಅಂತಿದ್ದೆ. ಊರಿನ ಬೇರೆ ಯಾವ ಮುದುಕರಿಗೂ ನಾನು ಹಾಗೆ ಅಂದಿದ್ದರೆ ಅಪ್ಪ ಕಪಾಳಕ್ಕೆ ಬಾರಿಸುತ್ತಿದ್ದರು. ಅವರಿಗೆ ಮಾತ್ರ ಅನ್ನಬಹುದಿತ್ತು. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಎದೆಹಾಲಿನ ಜೊತೆ ಬಂದಿತ್ತು. ನಾವು ಕನ್ನಡದ ಸೊಗಸಿನ ಬಗ್ಗೆ ಪುಟಗಟ್ಟಲೆ ಬರೀತೀವಿ. ಆದರೆ ಏಕವಚನ ಬಹುವಚನ ಅನ್ನೋ ಸಣ್ಣ ಪ್ರತ್ಯಯದಲ್ಲಿ ಎಷ್ಟು ತಲೆಮಾರುಗಳನ್ನು ಕುಕ್ಕರಗಾಲಲ್ಲಿ ಕೂರಿಸಿದ್ದೇವೆ ಅಂತ ಲೆಕ್ಕ ಹಾಕಿದವರು ಕಡಿಮೆ. ಊರು ಬೇರೆ ಕೇರಿ ಬೇರೆ ಅನ್ನೋದೂ ಈ ಭಾಷೆಯದ್ದೇ. ಸಿದ್ದಲಿಂಗಯ್ಯನವರ ಆತ್ಮಕಥೆಗೆ ‘ಊರುಕೇರಿ’ ಅಂತ ಹೆಸರಿದೆ. ಎಷ್ಟು ದಿನ ನಾನು ಅದನ್ನು ಒಂದೇ ಪದ ಅಂದುಕೊಂಡಿದ್ದೆ. ಕೇರಿಯವರಿಗೆ ಅದು ಯಾವತ್ತೂ ಎರಡು ಪದ.

ಈಗ ಊರಲ್ಲಿ ಆ ಲೋಟ ಇಲ್ಲ. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಕೆಲವು ವರ್ಷ ಕೇರಿಯವರಿಗೆ ಪ್ಲಾಸ್ಟಿಕ್ ಲೋಟ, ಉಳಿದವರಿಗೆ ಗಾಜಿನ ಲೋಟ ನಡೆಯಿತು. ಕೇಳಿದರೆ ‘ಸ್ವಚ್ಛತೆ ಸಾರ್, ಯೂಸ್ ಅಂಡ್ ಥ್ರೋ’ ಅನ್ನೋರು. ಈಗ ಎಲ್ಲರಿಗೂ ಪೇಪರ್ ಲೋಟ. ಇದನ್ನು ಸಮಾನತೆ ಅನ್ನಬೇಕೋ, ಗಾಜಿನ ಲೋಟ ಹಂಚಿಕೊಳ್ಳುವುದಕ್ಕಿಂತ ಎಲ್ಲರೂ ಪೇಪರಿನಲ್ಲಿ ಕುಡಿಯೋಣ ಅನ್ನುವ ಒಪ್ಪಂದ ಅನ್ನಬೇಕೋ ನನಗಂತೂ ತಿಳಿಯುತ್ತಿಲ್ಲ.

ಮನೆ ಬಾಡಿಗೆಯ ವಿಷಯಕ್ಕೇ ವಾಪಸ್ಸು ಬರ್ತೀನಿ. ಅಂಬೇಡ್ಕರ್ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಅನ್ನುವ ಸಣ್ಣ ಬರಹ ಇದೆ, ಓದಿಲ್ಲದಿದ್ದರೆ ದಯವಿಟ್ಟು ಓದಿ. ೧೯೧೭ರಲ್ಲಿ ಅವರು ಅಮೆರಿಕದ ಓದು ಮುಗಿಸಿ, ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಕೊಲಂಬಿಯಾದಲ್ಲಿ ಓದಿದ ಮನುಷ್ಯನಿಗೆ ಊರಲ್ಲಿ ಉಳಿಯಲು ಒಂದು ಕೋಣೆ ಇಲ್ಲ. ಕೊನೆಗೆ ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ಧರ್ಮಶಾಲೆಯಲ್ಲಿ ಸೇರಿಕೊಂಡರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡು ಅಂತ ಬೆದರಿಸಿತು. ಈ ಭಾಗ ಬಹಳ ಜನರಿಗೆ ಗೊತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನದು. ಅವರು ಇಬ್ಬರು ಸ್ನೇಹಿತರನ್ನು ಕೇಳಿದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಹಿಂದೂ ಸ್ನೇಹಿತರು, ನೀನು ಬಂದರೆ ನಮ್ಮ ಮನೆ ಕೆಲಸದವರು ಬಿಟ್ಟು ಹೋಗ್ತಾರೆ ಅಂದರು. ಇನ್ನೊಬ್ಬರು, ನಾಳೆ ಹೆಂಡತಿ ಬರ್ತಾಳೆ, ಅವಳನ್ನು ಕೇಳಬೇಕು ಅಂದರು. ಅಂಬೇಡ್ಕರ್ ಒಂದು ಸಾರ್ವಜನಿಕ ಉದ್ಯಾನದಲ್ಲಿ ಐದು ಗಂಟೆ ಕೂತು ರಾತ್ರಿಯ ಬೊಂಬಾಯಿ ರೈಲು ಹತ್ತಿದರು.

ಕೋಲು ಹಿಡಿದವರು ಒಂದು ಹನ್ನೆರಡು ಜನ ಇರಬಹುದು. ಆದರೆ ಬರೋಡಾ ದೊಡ್ಡ ಊರು. ಆ ಸ್ನೇಹಿತರಲ್ಲಿ ಒಬ್ಬರು ‘ಬಾ’ ಅಂದಿದ್ದರೆ ಕೋಲುಗಳು ಏನೂ ಮಾಡಲಾಗುತ್ತಿರಲಿಲ್ಲ. ಮನುಷ್ಯನನ್ನು ಊರು ಬಿಡಿಸಿದ್ದು ಕೋಲು ಅಷ್ಟೇ ಅಲ್ಲ, ‘ಕೇಳಿ ಹೇಳ್ತೀನಿ’ ಅನ್ನುವ ಮಾತು ಕೂಡ. ‘ಇನ್ನೊಬ್ಬರು ಅಡ್ವಾನ್ಸ್ ಕೊಡ್ತೀನಿ ಅಂದಿದ್ದಾರೆ’ ಅನ್ನುವುದರ ಅಣ್ಣ ಅದು.

ಇದು ನೂರು ವರ್ಷದ ಹಿಂದಿನ ಮಾತು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, ಸುಖದೇವ್ ಥೋರಟ್ ಮತ್ತು ಜೊತೆಗಾರರು ದೆಹಲಿ, ನೋಯ್ಡಾ, ಗುರಗಾಂವ್ ಕಡೆ ಬಾಡಿಗೆ ಮನೆಗಳ ಬಗ್ಗೆ ಮಾಡಿದ ಅಧ್ಯಯನ ೨೦೧೫ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿನವರಿಗೆ ಸುಲಭವಾಗಿ ಸಿಕ್ಕಿದ ಮನೆ ದಲಿತರಿಗೆ, ಮುಸ್ಲಿಮರಿಗೆ ಕೇಳಿದಾಗ ಇಲ್ಲವಾಗುತ್ತೆ, ಅಥವಾ ಹೊಸ ಷರತ್ತು ಹುಟ್ಟಿಕೊಳ್ಳುತ್ತೆ. ಅದಕ್ಕೂ ಮುಂಚೆ ೨೦೦೭ರಲ್ಲಿ ಅವರೇ ಪಾಲ್ ಅಟ್ಟೆವೆಲ್ ಜೊತೆ ಕೆಲಸದ ಅರ್ಜಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದ್ದರು. ಓದು ಒಂದೇ, ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬಂದದ್ದು ಕಡಿಮೆ. ಕರೆ ಬರದ ಮನುಷ್ಯನಿಗೆ ಯಾಕೆ ಬರಲಿಲ್ಲ ಅಂತ ಎಂದಾದರೂ ತಿಳಿಯುತ್ತಾ? ತಾನೇ ಇನ್ನೂ ಚೆನ್ನಾಗಿ ಓದಬೇಕಿತ್ತೇನೋ ಅಂದುಕೊಳ್ತಾನೆ. ಹೊಡೆತ ತಿಂದವನಿಗೆ ಹೊಡೆದವನ ಮುಖವಾದರೂ ಗೊತ್ತಿರುತ್ತೆ.

ಹಾಗಂತ ಕೋಲು ಹೋಗಿದೆಯಾ? ಅದೂ ಇಲ್ಲ. ೨೦೦೦ದ ಮಾರ್ಚ್ ೧೧ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ೨೦೦೬ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ೨೦೧೪ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕಾನೂನಿನ ಪ್ರಕಾರ ಯಾರೂ ಕೊಲ್ಲಲಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ೨೦೧೪ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, ೨೦೨೪ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ ೯೮ ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೆಲ್ಲ ತಿರುಗಿ ನೋಡಿತು. ಬೆಂಕಿಗೆ ಮುಂಚೆ ಅಲ್ಲಿ ಇದ್ದದ್ದೇನು ಅಂದರೆ ಕ್ಷೌರದಂಗಡಿ, ಹೋಟೆಲಿನೊಳಗೆ ದಲಿತರು ಬರಬಾರದು ಅನ್ನುವ ಕಟ್ಟುಪಾಡು. ಅದು ಮಾತ್ರ ಇದ್ದಷ್ಟು ದಿನ ಯಾವ ಪೇಪರಿನಲ್ಲೂ ಮರಕುಂಬಿ ಮುಖಪುಟದ ಸುದ್ದಿ ಆಗಿರಲಿಲ್ಲ.

ಈ ನಡುವೆ ಒಂದು ಹೊಸ ರೂಪ ಬಂದಿದೆ. ಹೊಸದಲ್ಲ, ಹಳೇದೇ, ರಸೀತಿ ಸಮೇತ ಬಂದಿದೆ ಅನ್ನಿ. ದಂಡ! ೨೦೨೧ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ದೇವಸ್ಥಾನದೊಳಗೆ ಓಡಿಹೋಯಿತು ಅಂತ ಶುದ್ಧೀಕರಣದ ಖರ್ಚು ಅಪ್ಪ ಅಮ್ಮ ಕೊಡಬೇಕು ಅಂದರು. ೨೦೨೨ರಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಗುಜ್ಜುಕೋಲು ಮುಟ್ಟಿದ್ದಕ್ಕೆ ೬೦,೦೦೦ ರೂಪಾಯಿ. ಕೂಲಿ ಮಾಡಿ ಬದುಕುವ ಮನೆಗೆ ಅರವತ್ತು ಸಾವಿರ ಅಂದರೆ ಏನು ಅಂತ ಯೋಚಿಸಿ. ಅವಮಾನ ಮಾಡುವವರು ಅದರ ಬಿಲ್ಲನ್ನೂ ಅವಮಾನ ಆದವರಿಗೇ ಕೊಡ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಂಗಸೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ೧೯೨೭ರ ಮಾರ್ಚಿನಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಂಗಡಿಗರು ಮುಟ್ಟಿದ ಮೇಲೂ ಇದೇ ಶುದ್ಧಿ ನಡೆದಿತ್ತು. ನಡುವೆ ೯೫ ವರ್ಷ. ಕೆರೆ ಹೋಗಿ ಸಿಮೆಂಟಿನ ತೊಂಬೆ ಬಂದಿದೆ, ಗಂಜಲ ಅದೇ.

ಇನ್ನು ಯಾರೂ ಕೈಯೆತ್ತದೆ, ಯಾರೂ ಮಾತಾಡದೆ ನಡೆಯುವ ರೂಪ ಒಂದಿದೆ. ತಲೆ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ಮಂತ್ರಿಯಾಗಿದ್ದಾಗಲೇ ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದರು. (ಇದೇ ಮನುಷ್ಯನನ್ನು ೧೯೭೩ರಲ್ಲಿ ‘ಬೂಸಾ’ ಅಂದ ಒಂದು ಮಾತಿಗೆ ಮಂತ್ರಿ ಪದವಿಯಿಂದ ಇಳಿಸಿದೆವು. ಮಲದ ವಿಷಯಕ್ಕೆ ಬರದ ಸಿಟ್ಟು ಸಾಹಿತ್ಯದ ವಿಷಯಕ್ಕೆ ಬಂತು ನಮಗೆ.) ದೇಶದಲ್ಲಿ ೧೯೯೩ರಲ್ಲಿ ಕಾನೂನು ಬಂತು, ೨೦೧೩ರಲ್ಲಿ ಇನ್ನೊಂದು. ಆದರೆ ೨೦೧೦ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬಗಳು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತಿದ್ದವು, ಇದ್ದ ಮನೆಗಳನ್ನು ಬಿಡಿಸಬೇಡಿ ಅಂತ ಕೇಳೋಕೆ. ೨೦೨೩ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಇಳಿದು ಸತ್ತವರ ಪರಿಹಾರವನ್ನು ೩೦ ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಪರಿಹಾರ ಏರಿಸುವ ಪ್ರಮೇಯವೇ ಇರುತ್ತಿರಲಿಲ್ಲ. ಇಲ್ಲಿ ಯಾರನ್ನು ಬೈಯುತ್ತೀರಿ? ಗುತ್ತಿಗೆದಾರ ಇದ್ದಾನೆ, ಅವನ ಮೇಲೆ ಇಂಜಿನಿಯರು, ಅವನ ಮೇಲೆ ಇಲಾಖೆ. ನಮ್ಮ ಮನೆಯ ಮುಂದಿನ ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಬೇಗ ಯಾರನ್ನಾದರೂ ಕಳಿಸಿ ಅಂತ ಫೋನ್ ಮಾಡುವುದು ನಾನು. ಯಾರನ್ನು ಕಳಿಸ್ತಾರೆ ಅಂತ ಕೇಳುವುದಿಲ್ಲ.

ನನ್ನ ಗೆಳೆಯನೊಬ್ಬನಿಗೆ ಇದೆಲ್ಲ ಹೇಳಿದೆ. “ಅಲ್ಲ ಮಾರಾಯ, ಸುಡೋದನ್ನೂ ನಿನ್ನ ಟು ಲೆಟ್ ಬೋರ್ಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀಯಲ್ಲ, ಅದು ಸತ್ತವರಿಗೆ ಮಾಡೋ ಅವಮಾನ” ಅಂದ. ಅವನ ಮಾತಿನಲ್ಲಿ ತೂಕ ಇದೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಂಕಿಯನ್ನೇ ಅಳತೆಗೋಲು ಮಾಡಿಕೊಂಡರೆ ಉಳಿದದ್ದೆಲ್ಲ ‘ಸಣ್ಣಪುಟ್ಟದ್ದು’ ಆಗಿಬಿಡುತ್ತೆ. ನಮ್ಮೂರಲ್ಲಿ ಬೆಂಕಿ ಬಿದ್ದಿಲ್ಲ, ಅದಕ್ಕೇ ನಮ್ಮೂರಲ್ಲಿ ಜಾತಿ ಇಲ್ಲ ಅಂತ ನಾನು ಮೂವತ್ತು ವರ್ಷ ನಂಬಿದ್ದೆ. ಬೆಂಕಿ ಬೀಳದಿದ್ದದ್ದು ಯಾಕೆ? ಕೇರಿಯವರು ಲೋಟವನ್ನು ತಾವೇ ತೊಳೆದು ವಾಪಸ್ಸು ಸೂರಿಗೆ ಸಿಕ್ಕಿಸುತ್ತಿದ್ದರು, ಅದಕ್ಕೆ. ಒಂದು ದಿನ ಯಾರಾದರೂ ಅದನ್ನು ಒಳಗಿನ ಲೋಟಗಳ ಜೊತೆ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಊಹಿಸೋಕೆ ನನಗೆ ಧೈರ್ಯ ಇಲ್ಲ.

ಅಮ್ಮನ ಬಗ್ಗೆ ಒಂದು ಮಾತು. ಇದನ್ನು ಓದಿ ನೀವು ಅವರನ್ನು ಕೆಟ್ಟವರು ಅಂದುಕೊಂಡರೆ ಅದು ನನ್ನ ಬರವಣಿಗೆಯ ತಪ್ಪು. ಆ ಕೊಟ್ಟಿಗೆಯಲ್ಲಿ ಇನ್ನೊಂದು ಲೋಟ, ಒಂದು ತಟ್ಟೆ ಇರುತ್ತಿತ್ತು. ತಿಂಗಳಿಗೆ ಮೂರು ದಿನ ಅಮ್ಮ ಅಲ್ಲೇ ಕೂರಬೇಕು, ಅಜ್ಜಿ ಮೇಲಿಂದ ಅನ್ನ ಹಾಕೋರು. ಅಪ್ಪ ಹೋದ ಮೇಲೆ ನಮ್ಮದೇ ನೆಂಟರ ಮದುವೆಯಲ್ಲಿ ಅಮ್ಮನನ್ನು ಆರತಿಗೆ ಕರೆಯಲಿಲ್ಲ, ಹಿಂದಿನ ಸಾಲಿನಲ್ಲಿ ಕೂತು ತಟ್ಟೆಗಳ ಲೆಕ್ಕ ನೋಡಿಕೊಂಡರು. ಅವತ್ತು ರಾತ್ರಿ ಅತ್ತಿದ್ದು ನನಗೆ ಗೊತ್ತು. ಮೊನ್ನೆ ಧೈರ್ಯ ಮಾಡಿ, “ಅಮ್ಮಾ, ನಿನ್ನನ್ನೂ ಹೊರಗೆ ಕೂರಿಸಿದ್ರಲ್ಲ, ನಿಂಗೆ ಗೊತ್ತಾಗಲ್ವಾ?” ಅಂತ ಕೇಳಿದೆ. “ಅದೇ ಬ್ಯಾರೆ, ಇದೇ ಬ್ಯಾರೆ. ನಿಂಗೇನ್ ಗೊತ್ತಾಯ್ತದೆ, ಸುಮ್ಕಿರ್ಲಾ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಾನ್ ಕೇಳ್ದೆ ಅಷ್ಟೆಯ. ಇಲ್ಲ ಅಂದೋನು ನೀನು” ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಂಟು ದಿನ ಆದ ಮೇಲೆ ಆತನಿಗೆ ಫೋನ್ ಮಾಡಿದೆ. ‘ಅಡ್ವಾನ್ಸ್ ಕೊಡ್ತೀನಿ ಅಂದವರು ಬರಲಿಲ್ಲ’ ಅಂತ ಇನ್ನೊಂದು ಸುಳ್ಳು ತಯಾರಿ ಮಾಡಿಕೊಂಡಿದ್ದೆ, ಆದರೆ ಆತ “ಹೇಳಿ ಸಾರ್” ಅಂದಾಗ ಅದು ಬಾಯಿಗೆ ಬರಲಿಲ್ಲ. ಅವತ್ತು ಯಾರೂ ಬಂದಿರಲಿಲ್ಲ, ನಾನು ಸುಳ್ಳು ಹೇಳಿದೆ, ತಪ್ಪಾಯಿತು, ಮನೆ ಇನ್ನೂ ಇದೆ, ಬರೋದಾದರೆ ಬನ್ನಿ ಅಂದೆ. ಆಚೆ ಕಡೆ ಬಹಳ ಹೊತ್ತು ಮೌನ. ಮಗುವಿನ ಸದ್ದು ಕೇಳಿಸುತ್ತಿತ್ತು.

“ಗೊತ್ತಿತ್ತು ಸಾರ್” ಅಂದ. “ನಿಮ್ಮದು ಆರನೇ ಮನೆ. ಉಳಿದ ಐದೂ ಕಡೆ ಫೋನ್ ಮಾಡ್ತೀನಿ ಅಂದಿದ್ರು. ಯಾರೂ ಮಾಡಿಲ್ಲ.”

ಬೇರೆ ಮನೆ ಸಿಕ್ಕಿದೆಯಂತೆ. ಆಫೀಸಿಗೆ ದೂರ, ಬಾಡಿಗೆ ಎರಡು ಸಾವಿರ ಜಾಸ್ತಿ. ಅಲ್ಲಿ ಕೇಳಲಿಲ್ಲವಾ ಅಂತ ಕೇಳಬೇಕು ಅನ್ನಿಸಿತು. ಕೇಳದಿದ್ದರೂ ಆತನೇ ಹೇಳಿದ: “ಇಲ್ಲಿ ಕೇಳಿದ್ರು ಸಾರ್. ನಮ್ಮೆಜಮಾನ್ತಿ ಬೇರೆ ಹೇಳಿಬಿಟ್ಲು. ಮಗೂನ ಇಟ್ಕೊಂಡು ಎಷ್ಟು ಅಂತ ಅಲೆಯೋದು?” ಈಗ ಅವರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರಬೇಕಾದರೆ ಏನು ಮಾತಾಡಬೇಕು, ಏನು ಮಾತಾಡಬಾರದು ಅಂತ ಮೊದಲೇ ಹೇಳಿ ಕರೆಸಿಕೊಳ್ಳಬೇಕಂತೆ. ಗೋಡೆ ಮೇಲಿದ್ದ ಅಂಬೇಡ್ಕರ್ ಫೋಟೋ ಇನ್ನೂ ರಟ್ಟಿನ ಡಬ್ಬದಲ್ಲೇ ಇದೆಯಂತೆ.

ಫೋನ್ ಇಟ್ಟ ಮೇಲೆ ಹೋಗಿ ಗೇಟಿನ ಬೋರ್ಡು ಬಿಚ್ಚಿದೆ. ಮಹಡಿ ಇನ್ನೂ ಖಾಲಿ ಇದೆ.